ಇಪ್ಪತ್ತು ತೂಗಿಗೆ ಒಂದು ನಿಮಿಷ

ನಮ್ಮ ಅತ್ತಿಗೆ ಪಂಕಜಾಕ್ಷಿಯ ಬಗ್ಗೆ ಅಜ್ಜಂಪುರದಲ್ಲಿ ಯಾರನ್ನು ಕೇಳಿದರೂ ಎರಡು ಮಾತು ಹೇಳುತ್ತಾರೆ. ರೊಟ್ಟಿ ಬಹಳ ತೆಳ್ಳಗೆ ತಟ್ಟುತ್ತಾರೆ, ಮಾತು ಬಹಳ ಕಮ್ಮಿ. ಮೂರನೆಯದೊಂದಿದೆ, ಅದನ್ನು ದನಿ ತಗ್ಗಿಸಿ ಹೇಳುತ್ತಾರೆ: ಖಾಲಿ ತೊಟ್ಟಿಲು ತೂಗಿ ಮಗುವನ್ನು ಕಳೆದುಕೊಂಡವಳು. ಈ ಮೂರನೆಯ ಮಾತನ್ನು ಊರಿನ ಬಾಯಿಗೆ ಹಾಕಿದವಳು ನಾನು. ಹಾಗಾಗಿ ಅವರ ಕತೆಯನ್ನು ನಾನೇ ಹೇಳಬೇಕು. ಬೇರೆಯವರು ಹೇಳಲು ಹೊರಟರೆ ನನಗೆ ಮೈಯೆಲ್ಲ ಉರಿಯುತ್ತದೆ.

ಅತ್ತಿಗೆ ಸಖರಾಯಪಟ್ಟಣದವರು. ನಾಲ್ಕು ಜನ ಹೆಣ್ಣುಮಕ್ಕಳಲ್ಲಿ ಮೂರನೆಯವರು. ಅಕ್ಕಂದಿರು ಏಳನೇ ಕ್ಲಾಸಿಗೆ ಬಿಟ್ಟರೂ ಇವರು ಹಟ ಹಿಡಿದು ಕಡೂರಿಗೆ ಬಸ್ಸಿನಲ್ಲಿ ಓಡಾಡಿ ಪಿಯುಸಿ ಸೈನ್ಸ್ ಓದಿದರು. ಮೇಷ್ಟ್ರ ಟ್ರೈನಿಂಗ್ ಮಾಡಿ ಶಾಲೆಯಲ್ಲಿ ಪಾಠ ಹೇಳಬೇಕು ಅನ್ನುವುದೊಂದೇ ಅವರ ಆಸೆ. 1977ರ ಮೇ ತಿಂಗಳಲ್ಲಿ ನಮ್ಮಣ್ಣ ಜಯದೇವಪ್ಪನಿಗೆ ಕೊಟ್ಟು ಮದುವೆಯಾಯಿತು. ಮದುವೆಯಾದ ಎಂಟನೇ ದಿನಕ್ಕೆ ರಿಸಲ್ಟ್ ಬಂತು. ಎಲ್ಲದರಲ್ಲೂ ಪಾಸು, ಫಿಸಿಕ್ಸ್‌ನಲ್ಲಿ ಮಾತ್ರ ಮೂವತ್ತೊಂದು. ಮೂವತ್ತೈದು ಬೇಕಿತ್ತು.

ಆ ನಾಲ್ಕು ಅಂಕ ಎಲ್ಲಿ ಹೋಯಿತು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಹತ್ತು ಮೀಟರ್ ಆಳದ ನೀರಿದೆ, ತಳದಲ್ಲಿ ಒಟ್ಟು ಒತ್ತಡ ಎಷ್ಟು ಅಂತ ಒಂದು ಲೆಕ್ಕ ಕೊಟ್ಟಿದ್ದರು. ಅತ್ತಿಗೆ ನೀರಿನದನ್ನು ಲೆಕ್ಕ ಹಾಕಿ, ಕೆಳಗೆ ಎರಡು ಗೆರೆ ಎಳೆದು ಎದ್ದು ಬಂದರು. ನೀರಿನ ಮೇಲೆ ಕೂತ ಗಾಳಿಯ ಒತ್ತಡವನ್ನು ಕೂಡಿಸಲಿಲ್ಲ. ಅದು ನಮ್ಮ ಸೀಮೆಯವರೆಲ್ಲ ಮಾಡುವ ತಪ್ಪು. ಯಾರ ಬಾವಿಯಲ್ಲಿ ಎಷ್ಟು ಮಟ್ಟು ನೀರಿದೆ ಅಂತ ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇವೆ. ಗಾಳಿಗೆ ಭಾರವಿದೆ ಅನ್ನುವುದು ನಮಗೆ ನೆನಪಾಗುವುದೇ ಇಲ್ಲ. ಮುಂದೆ ನನಗೆ ಲೆಕ್ಕ ಹೇಳಿಕೊಡುವಾಗ ಅತ್ತಿಗೆ ಹಿತ್ತಲ ಬಾವಿಯ ಕಟ್ಟೆಗೆ ನನ್ನನ್ನು ಕರೆದುಕೊಂಡು ಹೋಗಿ, ಈ ಬಾವಿಯ ನೀರಿನಷ್ಟೇ ಭಾರದ ಗಾಳಿ ನಮ್ಮ ತಲೆಯ ಮೇಲೂ ಇದೆ, ಅದನ್ನು ಬಿಟ್ಟು ಎದ್ದು ಬಂದೆ ನೋಡು ಅಂತ ತಮ್ಮನ್ನೇ ಬೈದುಕೊಳ್ಳುತ್ತಿದ್ದರು.

ಮದುವೆಯ ಮರುವರ್ಷದಿಂದ ನಾನು ಅಜ್ಜಂಪುರದಿಂದ ದಿನಾ ರೈಲಿನಲ್ಲಿ ಬೀರೂರು ದಾಟಿ ಕಡೂರಿಗೆ ಹೋಗಿ ಪಿಯುಸಿ ಓದುತ್ತಿದ್ದೆ. ಬಾಯಿ ಜೋರು, ತಲೆ ಅಷ್ಟಕ್ಕಷ್ಟೆ. ಫಿಸಿಕ್ಸ್ ಪುಸ್ತಕ ಕಂಡರೆ ದೂರ ಸರಿಸುತ್ತಿದ್ದೆ. ಕಾಲೇಜಿನಲ್ಲಿ ಇಂಗ್ಲಿಷಿನಲ್ಲಿ ಹೇಳಿದ್ದು ಒಂದು ಕಿವಿಯಲ್ಲಿ ಬಂದು ಇನ್ನೊಂದರಲ್ಲಿ ಹೋಗುತ್ತಿತ್ತು. ಅತ್ತಿಗೆ ಅದನ್ನೇ ರೊಟ್ಟಿ ತಟ್ಟುತ್ತಾ ಕನ್ನಡದಲ್ಲಿ ಹೇಳಿದರೆ ಅಲ್ಲೇ ಕೂತುಬಿಡುತ್ತಿತ್ತು. ಅವರ ಹತ್ತಿರ ನೀಲಿ ರಟ್ಟಿನ ಒಂದು ನೋಟ್‌ಬುಕ್ ಇತ್ತು. ಒಂದೊಂದು ಲೆಕ್ಕವನ್ನೂ ಮೂರು ಸಲ ಮಾಡಿ, ಎಲ್ಲಿ ತಪ್ಪುತ್ತೇವೆ ಅನ್ನುವುದನ್ನು ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದರು. ಅಂಥ ಪುಸ್ತಕವನ್ನು ನಾನು ಮತ್ತೆ ನೋಡಿಲ್ಲ. ಈಗ ನಾನೇ ಟೀಚರ್ ಆಗಿ ಹೇಳುತ್ತಿದ್ದೇನೆ.

1979ರ ಮಾರ್ಚಿನಲ್ಲಿ ಅವರಿಗೆ ಗಂಡುಮಗು ಹುಟ್ಟಿತು. ತೀರಿಹೋಗಿದ್ದ ನಮ್ಮಪ್ಪನ ಹೆಸರನ್ನೇ ಇಟ್ಟು ಬೆನಕಪ್ಪ ಅಂತ ಕರೆದರು. ನಮ್ಮವ್ವ ದಾಕ್ಷಾಯಣಮ್ಮನಿಗೆ ಆ ಮಗುವಿನ ಹೆಸರು ಹಿಡಿದು ಕರೆಯಲು ನಾಚಿಕೆ. ಗಂಡನ ಹೆಸರಲ್ಲವೇ, 'ನಮ್ಮ ಯಜಮಾನ್ರು ಎದ್ರಾ' ಅಂತ ಕೇಳುತ್ತಿದ್ದಳು. ಅವಳ ಮುಖದಲ್ಲಿ ಆ ಐದು ತಿಂಗಳು ಇದ್ದ ಕಳೆ ಅದಕ್ಕೆ ಮುಂಚೆಯೂ ಇರಲಿಲ್ಲ, ಆಮೇಲೆಯೂ ಬರಲಿಲ್ಲ. ಸೊಸೆ ಅಕ್ಟೋಬರಿನಲ್ಲಿ ಫಿಸಿಕ್ಸ್ ಕಟ್ಟುತ್ತೇನೆ ಅಂದಾಗ, ಬರೀಲಿ ಬಿಡು, ಮಗೀನ ನಾನು ನೋಡ್ಕೋತೀನಿ ಅಂದವಳೂ ಅವಳೇ. ಅಣ್ಣ ಫಾರಂ ತುಂಬಿ ಕಳಿಸಿದ. ಅವನು ಈರುಳ್ಳಿ ಮಂಡಿಯಲ್ಲಿದ್ದ. ಮಗುವನ್ನು ಒಂದು ದಿನ ಮಂಡಿಗೆ ಎತ್ತಿಕೊಂಡು ಹೋಗಿ ಈರುಳ್ಳಿ ತಕ್ಕಡಿಯಲ್ಲಿ ತೂಗಿ, ಆರೂವರೆ ಕೆಜಿ ಅಂತ ಊರೆಲ್ಲ ಹೇಳಿಕೊಂಡು ಬಂದ. ಅದಕ್ಕೆ ಅವ್ವ, ಮಗೀಗೆ ದೃಷ್ಟಿಯಾಗುತ್ತೆ ಅಂತ ಅವನಿಗೆ ಎರಡು ದಿನ ಬೈದಳು.

ತೊಟ್ಟಿಲು ಅತ್ತಿಗೆಯ ತವರಿನಿಂದ ಬಂದದ್ದು. ಹಲಸಿನ ಮರದ್ದು, ಇಬ್ಬರು ಹಿಡಿದು ಎತ್ತಬೇಕು. ಪಡಸಾಲೆಯ ತೊಲೆಗೆ ಹಗ್ಗ ಹಾಕಿ ಕಟ್ಟಿದ್ದರು.

ಶ್ರಾವಣದ ಒಂದು ಮಧ್ಯಾಹ್ನ. ಅವ್ವ ಮಠಕ್ಕೆ ಹೋಗಿದ್ದಳು. ಮಗು ತೊಟ್ಟಿಲಲ್ಲಿ ಮಲಗಿತ್ತು. ನಾನು ಪೆಂಡ್ಯುಲಮ್ ಪಾಠ ಹಿಡಿದುಕೊಂಡು ಜಗಳಕ್ಕೆ ಕೂತಿದ್ದೆ. ದಾರದ ತುದಿಗೆ ಗುಂಡು ಕಟ್ಟಿ ಆಡಿಸಿದರೆ, ಅದು ಒಂದು ಸಲ ಹೋಗಿ ಬರಲು ಹಿಡಿಯುವ ಕಾಲ ದಾರದ ಉದ್ದಕ್ಕೆ ತಕ್ಕಂತೆ ಬದಲಾಗುತ್ತದೆ, ಗುಂಡಿನ ತೂಕಕ್ಕಲ್ಲ ಅಂತ ಪುಸ್ತಕದಲ್ಲಿತ್ತು. ನಾನು ಇದು ಶುದ್ಧ ಸುಳ್ಳು ಅಂದೆ. ಭಾರ ಇದ್ದದ್ದು ನಿಧಾನಕ್ಕೆ ಹೋಗಬೇಕು, ಹಗುರ ಇದ್ದದ್ದು ಬೇಗ ಹೋಗಬೇಕು, ಎತ್ತಿನ ಗಾಡಿ ನೋಡಿದವರಿಗೆ ಯಾರಿಗಾದರೂ ಗೊತ್ತು ಅಂತ ವಾದ ಮಾಡಿದೆ.

ಅತ್ತಿಗೆ ನಗುತ್ತಾ ಎದ್ದು ಗೂಡಿನಲ್ಲಿದ್ದ ಅಪ್ಪನ ಕೈಗಡಿಯಾರ ತಂದರು. ಮಲಗಿದ ಮಗುವನ್ನೇ ಮೆಲ್ಲಗೆ ತೂಗು, ನಾನು ಸೆಕೆಂಡ್ ಮುಳ್ಳು ನೋಡುತ್ತೇನೆ ಅಂದರು. ನಾನು ಎಣಿಸಿದೆ. ಹೋಗಿದ್ದಕ್ಕೆ ಒಂದು, ಬಂದಿದ್ದಕ್ಕೆ ಇನ್ನೊಂದು ಅಂತ ಎಣಿಸಿ, ಒಂದು ನಿಮಿಷಕ್ಕೆ ನಲವತ್ತು ಅಂದೆ.

"ಹೋಗಿ ಬಂದ್ರೆ ಒಂದು ಕಣೇ," ಅಂದರು ಅತ್ತಿಗೆ. "ಬರೀ ಹೋಗಿದ್ದನ್ನ ಎಣಿಸ್ಬಾರ್ದು."

ಸರಿ, ಹಾಗೆ ಎಣಿಸಿದರೆ ಇಪ್ಪತ್ತು. ಇಪ್ಪತ್ತು ತೂಗಿಗೆ ಅರವತ್ತು ಸೆಕೆಂಡು, ಒಂದಕ್ಕೆ ಮೂರು. ಅತ್ತಿಗೆ ಹಗ್ಗದ ಉದ್ದ ಅಳೆದು ಫಾರ್ಮುಲಾಕ್ಕೆ ಹಾಕಿದರು. ಅಲ್ಲೂ ಮೂರೇ ಬಂತು. ನನಗೆ ಅಷ್ಟಕ್ಕೇ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಮಗು ತೆಗೆದು ತೂಗಿ ನೋಡಿದರೆ ತಾನೆ ತೂಕದ ವಿಷಯ ಗೊತ್ತಾಗುವುದು ಅಂದೆ.

ನಮ್ಮ ಕಡೆ ಖಾಲಿ ತೊಟ್ಟಿಲು ತೂಗುವುದಿಲ್ಲ. ತೂಗಿದರೆ ಮಗುವಿಗೆ ಆಗಿಬರುವುದಿಲ್ಲ ಅಂತ. ಹೆಸರಿಡುವ ದಿನವೂ ಮೊದಲು ಅರೆಯುವ ಗುಂಡುಕಲ್ಲಿಗೆ ಕುಲಾವಿ ತೊಡಿಸಿ, ಕಾಡಿಗೆ ಹಚ್ಚಿ, ಅದನ್ನು ತೊಟ್ಟಿಲಲ್ಲಿ ಮಲಗಿಸುತ್ತಾರೆ. ಆಮೇಲೆ ಮಗು. ಅತ್ತಿಗೆ ಅದನ್ನೇ ಹೇಳಿದರು. ಗುಂಡುಕಲ್ಲು ಇಟ್ಟು ತೂಗೋಣ, ಅದು ಬೇರೆ ತೂಕ ತಾನೆ, ಲೆಕ್ಕವೂ ಆಗುತ್ತದೆ, ಶಾಸ್ತ್ರವೂ ಉಳಿಯುತ್ತದೆ ಅಂದರು. ಎಷ್ಟು ಒಳ್ಳೆಯ ಉಪಾಯ. ಈಗ ನೆನೆದರೆ ನನ್ನ ತಲೆಗೆ ನಾನೇ ಮೊಟಕಿಕೊಳ್ಳಬೇಕು ಅನ್ನಿಸುತ್ತದೆ. ಕಲ್ಲೂ ಭಾರವೇ, ಖಾಲಿಯೇ ಆಗಬೇಕು ಅಂತ ನಾನು ಪಟ್ಟು ಹಿಡಿದೆ.

ಅಷ್ಟರಲ್ಲಿ ಮಗು ಎದ್ದಿತು. ಅತ್ತಿಗೆ ಎತ್ತಿಕೊಂಡು ತೊಡೆಯ ಮೇಲೆ ಹಾಕಿಕೊಂಡರು.

"ಬೇಡ ವಿಮಲಾ," ಅಂದರು. "ಅದನ್ನೆಲ್ಲ ನಂಬ್ತೀನಿ ಅಂತಲ್ಲ. ಆದ್ರೂ ಬೇಡ."

ಸೈನ್ಸ್ ಓದಿದವರು ಹಿಂಗಂತೀರಲ್ಲ ಅಂತ ಅಣಕಿಸಿ, ನಾನು ತೊಟ್ಟಿಲನ್ನು ಮೊಳದಷ್ಟು ಎಳೆದು ಬಿಟ್ಟೆ. ಬೇಡ ಅಂದವರ ಕಣ್ಣು ಗಡಿಯಾರದ ಕಡೆ ಹೋಯಿತು. ಅದು ಅವರ ಅಭ್ಯಾಸ, ಏನು ಮಾಡುವುದು. ಇಬ್ಬರೂ ಎಣಿಸಿದೆವು. ಇಪ್ಪತ್ತು ತೂಗಿಗೆ ಅರವತ್ತು ಸೆಕೆಂಡು. ಒಂದು ಸೆಕೆಂಡೂ ಹೆಚ್ಚಿಲ್ಲ, ಕಮ್ಮಿಯಿಲ್ಲ. ನಾನು ಬಾಯಿ ಬಿಟ್ಟುಕೊಂಡು ನಿಂತದ್ದು ನೋಡಿ ಅತ್ತಿಗೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವರು ನಕ್ಕದ್ದು ನೋಡಿ ಮಗುವೂ ನಕ್ಕಿತು. ಮಗುವಿಗೆ ನೀರೆರೆಯುವ ಓಬಮ್ಮ ಆಗ ಹಿತ್ತಲ ಬಾಗಿಲಲ್ಲಿ ಬಂದಳು. ಮಗು ತಾಯಿಯ ತೊಡೆಯ ಮೇಲಿದೆ, ತೊಟ್ಟಿಲು ಬರಿದೇ ತೂಗಾಡುತ್ತಿದೆ. ಅವಳು ಓಡಿ ಬಂದು ಎರಡು ಕೈಯಲ್ಲೂ ತೊಟ್ಟಿಲನ್ನು ಹಿಡಿದು ನಿಲ್ಲಿಸಿದಳು.

ಹನ್ನೊಂದು ದಿನಕ್ಕೆ ಮಗುವಿಗೆ ಜ್ವರ ಬಂತು. ಎದೆಯಲ್ಲಿ ಗೊರಗೊರ ಸದ್ದು. ಆ ವರ್ಷ ಮಳೆ ಜಾಸ್ತಿ, ಬೀದಿಯಲ್ಲಿ ಇನ್ನೂ ಮೂರು ಮಕ್ಕಳಿಗೆ ಹಾಗೇ ಆಗಿತ್ತು. ಅಣ್ಣ, ಅತ್ತಿಗೆ ಬಸ್ಸಿನಲ್ಲಿ ತರೀಕೆರೆಗೆ ಎತ್ತಿಕೊಂಡು ಹೋದರು. ನ್ಯುಮೋನಿಯಾ ಅಂದರಂತೆ ಡಾಕ್ಟರು. ಎರಡನೇ ದಿನ ಬೆಳಿಗ್ಗೆ ಹತ್ತು ಗಂಟೆಗೆ ಮಗು ಹೋಯಿತು. ವಾಪಸ್ ಬರುವಾಗ ಬಸ್ಸಿನಲ್ಲಿ ಯಾರಿಗೂ ಗೊತ್ತಾಗದ ಹಾಗೆ, ಮಲಗಿದ ಮಗುವಿನಂತೆ ಹೆಗಲ ಮೇಲೆ ಹಾಕಿಕೊಂಡು ಅತ್ತಿಗೆ ಕೂತಿದ್ದರು ಅಂತ ಅಣ್ಣ ಹೇಳಿದ. ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ಅವ್ವ, ನಮ್ಮ ಯಜಮಾನ್ರು ಎರಡನೇ ಸಲ ಹೋದರು ಅಂತ ಗೋಡೆಗೆ ತಲೆ ಚಚ್ಚಿಕೊಂಡಳು.

ಮೂರನೇ ದಿನ ಓಬಮ್ಮ ಬಂದು ಅವ್ವನ ಹತ್ತಿರ ಕೂತು ತಾನು ನೋಡಿದ್ದನ್ನು ಹೇಳಿದಳು. ಅವ್ವ ಎದ್ದು ಬಂದು ನಮ್ಮಿಬ್ಬರ ಮುಂದೆ ನಿಂತಳು. ಅವಳ ಕಣ್ಣು ನೋಡಲು ಆಗುತ್ತಿರಲಿಲ್ಲ.

"ಖಾಲಿ ತೊಟ್ಲು ತೂಗಿದ್ದು ಯಾರು?" ಅಂತ ಕೇಳಿದಳು.

ನನಗೆ ಹದಿನೆಂಟು ವರ್ಷ. ಹೆದರಿಕೆ ಅಂದರೆ ಏನು ಅಂತ ಅವತ್ತು ಗೊತ್ತಾಯಿತು. ಅತ್ತಿಗೆ ಲೆಕ್ಕ ಮಾಡೋಕೆ ತೂಗಿದ್ರು ಅಂದೆ. ಅಷ್ಟೇ ಅಂದದ್ದು. ಅತ್ತಿಗೆ ತಲೆ ಎತ್ತಿ ನನ್ನನ್ನು ಒಂದು ಸಲ ನೋಡಿದರು. ಇಲ್ಲ ಅನ್ನುತ್ತಾರೆ ಅಂತ ಕಾದೆ, ಅಂದುಬಿಡಲಿ ಅಂತಲೂ ಒಳಗೇ ಬೇಡಿಕೊಂಡೆ. ಅವರು ತಲೆ ತಗ್ಗಿಸಿಕೊಂಡರು.

ಅವ್ವ ನೀಲಿ ನೋಟ್‌ಬುಕ್ಕನ್ನು ಬಚ್ಚಲ ಒಲೆಗೆ ಹಾಕಿದಳು. ದಪ್ಪ ಪುಸ್ತಕ, ಬೇಗ ಉರಿಯಲಿಲ್ಲ. ಒಂದೊಂದೇ ಹಾಳೆ ಕಿತ್ತು ಹಾಕಿದಳು. ಆ ತೊಟ್ಟಿಲನ್ನು ಯಾರೂ ಮುಟ್ಟಕೂಡದು ಅಂದಳು. ಹಾಗಾಗಿ ಅದು ಪಡಸಾಲೆಯಲ್ಲಿ ಅಲ್ಲೇ ನೇತಾಡುತ್ತಾ ಉಳಿಯಿತು. ನಾವು ಅದನ್ನು ಸುತ್ತುಹಾಕಿಕೊಂಡು ಓಡಾಡುತ್ತಿದ್ದೆವು.

ಹಾಲ್ ಟಿಕೆಟ್ ಬಂತು. ಅಣ್ಣ ಅವ್ವನ ಎದುರಿಗೇ ಅದನ್ನು ಹೆಂಡತಿಯ ಕೈಗೆ ಕೊಟ್ಟು, ನೀನು ಹೋಗಿ ಬರಿ, ಯಾರ ಮಾತೂ ಕೇಳಬೇಡ ಅಂದ. ಅವನು ಅವ್ವನಿಗೆ ಎದುರು ಹೇಳಿದ್ದು ಅದೊಂದೇ ಸಲ. ಪರೀಕ್ಷೆಯ ದಿನ ನಾನೂ ಅವರೂ ಒಂದೇ ರೈಲಿಗೆ ಹೋಗಬೇಕಿತ್ತು. ಅತ್ತಿಗೆ ಬೇಗ ಎದ್ದು ಸ್ನಾನ ಮಾಡಿ, ಹಸಿರು ಸೀರೆ ಉಟ್ಟು, ಪೆನ್ನಿಗೆ ಶಾಯಿ ತುಂಬಿಕೊಂಡರು. ನಾನು ಚಪ್ಪಲಿ ಮೆಟ್ಟಿ ಕರೆದರೆ ಪಡಸಾಲೆಯಲ್ಲಿ ನನಗೆ ಬೆನ್ನು ಮಾಡಿ ನಿಂತಿದ್ದರು. ಮುಷ್ಟಿಯಲ್ಲಿ ಅಪ್ಪನ ಕೈಗಡಿಯಾರವಿತ್ತು. ರೈಲಿಗೆ ಹೊತ್ತಾಯಿತೇನೋ ಅಂತ ನೋಡುತ್ತಿದ್ದಾರೆ ಅಂದುಕೊಂಡೆ. ನೀನು ನಡಿ, ನಾನು ಬರಲ್ಲ ಅಂದರು. ಮತ್ತೆ ಕರೆಯುವ ಧೈರ್ಯ ನನಗಿರಲಿಲ್ಲ. ಅವ್ವನ ಹೆದರಿಕೆಗೆ ಬಿಟ್ಟರು ಅಂದುಕೊಂಡೆ. ಅಂದರೆ, ನನ್ನಿಂದ ಬಿಟ್ಟರು.

ಮರುವಾರ ತೊಟ್ಟಿಲು ಬಿಚ್ಚಿ ಅಟ್ಟಕ್ಕೆ ಹಾಕಿದರು.

ಮುಂದಿನ ಏಪ್ರಿಲಿನಲ್ಲಿ ನನ್ನ ಪರೀಕ್ಷೆ. ಪೆಂಡ್ಯುಲಮ್ಮಿನ ಒಂದು ಲೆಕ್ಕ ಬಂತು, ನೀರಿನ ಒತ್ತಡದ ಒಂದು ಲೆಕ್ಕ ಬಂತು. ಗಾಳಿಯದನ್ನು ಮರೆಯದೆ ಕೂಡಿಸಿದೆ. ಎಪ್ಪತ್ತೆಂಟು ಬಂತು. ಬಿ.ಎಸ್ಸಿ. ಮಾಡಿದೆ, ಬಿ.ಎಡ್. ಮಾಡಿದೆ, ತರೀಕೆರೆಯಲ್ಲಿ ಹೆಣ್ಣುಮಕ್ಕಳ ಹೈಸ್ಕೂಲಿಗೆ ಸೈನ್ಸ್ ಟೀಚರ್ ಆದೆ. ಅತ್ತಿಗೆಗೆ ಸಿಗಬೇಕಾಗಿದ್ದೆಲ್ಲ ನನಗೆ ಸಿಕ್ಕಿತು. ಅವರಿಗೆ ಮತ್ತೆ ಮಕ್ಕಳಾಗಲಿಲ್ಲ. ಓದುವಾಗ ಒಂದೆರಡು ಸಲ ಲೆಕ್ಕ ತೆಗೆದುಕೊಂಡು ಹೋಗಿ ಕೇಳಿದೆ. ಎಲ್ಲ ಮರೆತು ಹೋಯ್ತು ಕಣೇ ಅಂದರು. ಬೀದಿಯಲ್ಲಿ ಯಾರ ಮನೆಯಲ್ಲಿ ತೊಟ್ಟಿಲ ಶಾಸ್ತ್ರವಾದರೂ ಅವರನ್ನು ಕರೆಯುತ್ತಿದ್ದದ್ದು ಕಮ್ಮಿ. ಕರೆದ ಮನೆಯಲ್ಲೂ ಅವರು ಅಡಿಗೆಮನೆ ಬಿಟ್ಟು ಈಚೆಗೆ ಬರುತ್ತಿರಲಿಲ್ಲ.

1986ರಲ್ಲಿ ನನ್ನ ಹೆರಿಗೆ, ತವರಿನಲ್ಲಿ. ಹೆಣ್ಣುಮಗು. ಬಾಣಂತನ ಪೂರ್ತಿ ಮಾಡಿದವರು ಅತ್ತಿಗೆ. ನೀರು ಕಾಯಿಸಿದರು, ಖಾರ ಕುಟ್ಟಿದರು, ನನ್ನ ಸೊಂಟಕ್ಕೆ ಬಟ್ಟೆ ಕಟ್ಟಿದರು. ಮಗುವನ್ನು ಮಾತ್ರ ಎತ್ತಿಕೊಳ್ಳುತ್ತಿರಲಿಲ್ಲ. ಅವರು ಹಾಗೆ ಒಂದೊಂದು ಕೆಲಸ ಮಾಡಿದಾಗಲೂ ನನ್ನ ಎದೆಯಲ್ಲಿ ಮುಳ್ಳಾಡಿದ ಹಾಗಾಗುತ್ತಿತ್ತು. ಬೈದಿದ್ದರೆ ಸುಖವಾಗಿರುತ್ತಿತ್ತು.

ಹೆಸರಿಡುವ ದಿನ ಬಂತು. ನೆಂಟರ ಮನೆಯಿಂದ ತೊಟ್ಟಿಲು ತರಿಸಿ ಅದೇ ತೊಲೆಗೆ ಕಟ್ಟಿದ್ದರು. ಪಡಸಾಲೆ ತುಂಬ ಹೆಂಗಸರು. ಗುಂಡುಕಲ್ಲಿಗೆ ಕುಲಾವಿ ಹಾಕಿ, ಯಾರು ಮಲಗಿಸುತ್ತೀರಿ ಅಂತ ಅವ್ವ ಕೇಳಿದಳು. ಅತ್ತಿಗೆ ಮಲಗಿಸಲಿ ಅಂದೆ ನಾನು. ಅವ್ವ ನನ್ನ ಕಿವಿಯ ಹತ್ತಿರ ಬಂದು, ಅವಳು ಬೇಡ, ಯಾಕೆ ಅಂತ ನಿನಗೆ ಗೊತ್ತಿಲ್ವಾ ಅಂದಳು.

"ಗೊತ್ತು ಅವ್ವ," ಅಂದೆ. ದನಿ ನನಗೇ ಜೋರಾಗಿ ಕೇಳಿತು. "ಅವತ್ತು ಖಾಲಿ ತೊಟ್ಲು ತೂಗಿದ್ದು ನಾನು. ಅತ್ತಿಗೆ ಬೇಡ ಅಂದ್ರು. ನಾನು ಕೇಳ್ಲಿಲ್ಲ. ಆಮೇಲೆ ಸುಳ್ಳು ಹೇಳ್ದೆ."

ಅವ್ವ ಗುಂಡುಕಲ್ಲನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತುಬಿಟ್ಟಳು. ಏಳು ವರ್ಷ ಆಯ್ತಲ್ಲೇ ಅಂತ ಒಂದು ಸಲ ಅಂದಳು. ಆಮೇಲೆ ಮಂಡಿ ಹಿಡಿದುಕೊಂಡು ಎದ್ದು, ಕಲ್ಲನ್ನು ಎತ್ತಿಕೊಂಡು ಅಡಿಗೆಮನೆಯ ಬಾಗಿಲಿಗೆ ಹೋಗಿ ಸೊಸೆಯ ಕೈಗೆ ಕೊಟ್ಟಳು. ಅತ್ತಿಗೆ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು ಕಲ್ಲನ್ನು ತೊಟ್ಟಿಲಲ್ಲಿ ಮಲಗಿಸಿದರು. ಆಮೇಲೆ ನನ್ನ ಮಗುವನ್ನು ಎತ್ತಿ ಮಲಗಿಸಿದರು. ಎರಡು ಸಲ ತೂಗಿ ಹಿತ್ತಲಿಗೆ ಹೊರಟುಹೋದರು.

ನೆಂಟರೆಲ್ಲ ಉಂಡು ಹೋದ ಮೇಲೆ ನಾನು ಹಿತ್ತಲಿಗೆ ಹೋದೆ. ಅತ್ತಿಗೆ ಬಾವಿಕಟ್ಟೆಯ ಮೇಲೆ ಕೂತಿದ್ದರು. ಕಾಲು ಹಿಡಿಯಲು ಬಗ್ಗಿದೆ. ಹಸಿ ಬಾಣಂತಿ, ಬಗ್ಗಬೇಡ ಅಂತ ಗದರಿ ಪಕ್ಕದಲ್ಲಿ ಕೂರಿಸಿಕೊಂಡರು.

"ನೀನು ತೂಗಿದ್ದಕ್ಕೆ ಮಗು ಹೋಗ್ಲಿಲ್ಲ," ಅಂದರು. "ಅದು ನನಗೆ ಅವತ್ತೂ ಗೊತ್ತಿತ್ತು."

ಹಾಗಾದರೆ ಯಾಕೆ ಸುಮ್ಮನಿದ್ದಿರಿ ಅಂತ ಕೇಳಿದೆ. ಮಗುವೇ ಹೋದ ಮೇಲೆ ಯಾರು ತೂಗಿದರು ಅಂತ ಜಗಳ ಮಾಡಿ ಏನು ಬರುತ್ತಿತ್ತು ಅಂದರು. ಮತ್ತೆ ಪರೀಕ್ಷೆಗೆ ಯಾಕೆ ಬರಲಿಲ್ಲ, ಅವ್ವನಿಗೆ ಹೆದರಿ ತಾನೆ ಅಂದೆ. ಅವರು ಬಾವಿಯ ಒಳಗೆ ಬಗ್ಗಿ ನೋಡಿದರು.

"ಅವನು ಹೋದ್ಮೇಲೆ ತೊಟ್ಲು ತಿಂಗಳಿಗೂ ಮೇಲೆ ಅಲ್ಲೇ ಇತ್ತಲ್ಲ," ಅಂದರು. "ನೀವೆಲ್ಲ ಹೊರಗೆ ಹೋದ್ಮೇಲೆ ದಿನಾ ತೂಗ್ತಿದ್ದೆ. ಮಾವನ ವಾಚು ಹಿಡ್ಕೊಂಡು. ಅವನಿದ್ದಾಗ ಇಪ್ಪತ್ತಕ್ಕೆ ಅರವತ್ತು ಸೆಕೆಂಡು. ಅವನಿಲ್ದಾಗ್ಲೂ ಅರವತ್ತೇ. ಅರ್ಧ ಸೆಕೆಂಡಾದ್ರೂ ವ್ಯತ್ಯಾಸ ಬರ್ಲಿ ಅಂತ ಎಷ್ಟು ಸಲ ಎಣಿಸಿದೀನಿ ಗೊತ್ತಾ? ಬರ್ಲಿಲ್ಲ."

ಅತ್ತಿಗೆ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡರು.

"ಪರೀಕ್ಷೆ ದಿನ ಬೆಳಿಗ್ಗೇನೂ ನೋಡ್ದೆ. ಅರವತ್ತೇ. ಆರೂವರೆ ಕೆಜಿ ಇದ್ದ ಕಣೇ ನನ್ನ ಮಗ. ಆ ಫಾರ್ಮುಲಾದಲ್ಲಿ ಹಗ್ಗದ ಉದ್ದ ಇದೆ, ಭೂಮಿ ಎಳೆಯೋದಿದೆ, ಎಲ್ಲಾ ಇದೆ. ಅವನೇ ಇಲ್ಲ. ಅದನ್ನ ಸರಿ ಅಂತ ನನ್ನ ಕೈಯಾರೆ ಹೆಂಗೆ ಬರೀಲಿ ವಿಮಲಾ?"

ಒಳಗೆ ನನ್ನ ಮಗು ಅತ್ತಿತು. ಅತ್ತಿಗೆ, ಹೋಗು, ಹಸಿದಿದೆ ಅಂದರು. ನಾನು ಎದ್ದು ಹೋದೆ.

ಪ್ರತಿ ವರ್ಷ ನಾನು ಹುಡುಗಿಯರಿಗೆ ಪೆಂಡ್ಯುಲಮ್ ಪಾಠ ಮಾಡಬೇಕು. ಕಾಲಕ್ಕೂ ಗುಂಡಿನ ತೂಕಕ್ಕೂ ಸಂಬಂಧವಿಲ್ಲ ಅಂತ ಬೋರ್ಡಿನ ಮೇಲೆ ಬರೆದು, ಅದರ ಕೆಳಗೆ ಗೆರೆ ಎಳೆಯಬೇಕು. ಹೋದ ವರ್ಷ ಒಬ್ಬ ಹುಡುಗಿ ಎದ್ದು ನಿಂತು, ಅಷ್ಟು ಭಾರ ಇದ್ದದ್ದು ಲೆಕ್ಕಕ್ಕೇ ಇಲ್ಲ ಅಂದ್ರೆ ಹೆಂಗೆ ಮಿಸ್ ಅಂತ ಕೇಳಿದಳು. ಪುಸ್ತಕದಲ್ಲಿರುವ ಉತ್ತರವನ್ನು ಹೇಳಿದೆ. ಅವಳು ಅದನ್ನು ಬರೆದುಕೊಂಡು ಕೂತಳು.